ರೆಸ್ಕ್ಯೂ ನಾಯಿಯೋ, ಬ್ರೀಡರ್ ಹತ್ತಿರದ ಮರಿಯೋ? ಈ ಸಲ ತಪ್ಪು ಮಾಡಬಾರದು

ಮಳೆಹನಿ ಕೇಳಿದ್ದು:

ಎರಡು ವರ್ಷದ ಹಿಂದೆ ನಾವು ಒಂದು ಲ್ಯಾಬ್ರಡಾರ್ ಮರಿ ತಂದಿದ್ದೆವು. ಜಾಹೀರಾತು ನೋಡಿ ಫೋನ್ ಮಾಡಿದೆವು. ಅದೇ ದಿನ ಸಂಜೆ ರಸ್ತೆ ಬದಿಯಲ್ಲಿ ನಿಂತಿದ್ದ ಕಾರಿನಿಂದ ಮರಿಯನ್ನು ಎತ್ತಿ ಕೈಗೆ ಕೊಟ್ಟರು. ಎಂಟು ವಾರ ತುಂಬಿದೆ, ಲಸಿಕೆ ಆಗಿದೆ ಅಂದರು. ತಾಯಿಯನ್ನು ನೋಡಬಹುದಾ ಅಂದಿದ್ದಕ್ಕೆ, ಅದು ದೂರದಲ್ಲಿದೆ, ಇನ್ನೊಮ್ಮೆ ತೋರಿಸ್ತೀವಿ ಅಂದರು. ಮಗಳು ಆಗಲೇ ಮರಿಯನ್ನು ಎದೆಗೆ ಒತ್ತಿಕೊಂಡಿದ್ದಳು. ನಾವು ಮುಂದೆ ಏನೂ ಕೇಳಲಿಲ್ಲ.

ನಾಲ್ಕನೇ ದಿನ ಮರಿ ಊಟ ಬಿಟ್ಟಿತು. ಮಾರನೇ ದಿನ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಪಾರ್ವೊ, ಮರಿಗಳ ಕರುಳಿಗೆ ತಗುಲುವ ವೈರಸ್ ಕಾಯಿಲೆ ಅಂದರು ಡಾಕ್ಟರು. ಬಾಯಿ ಬಿಡಿಸಿ ನೋಡಿ, ಹಾಲುಹಲ್ಲೇ ಪೂರ್ತಿ ಬಂದಿಲ್ಲ, ಇದಕ್ಕೆ ಐದು ವಾರ ಆಗಿದ್ದರೆ ಹೆಚ್ಚು ಅಂದರು. ಮೂರು ದಿನ ಡ್ರಿಪ್ ಹಾಕಿಸಿದೆವು. ಉಳಿಯಲಿಲ್ಲ. ಅದರ ಕೆಂಪು ಕೊರಳಪಟ್ಟಿ ಬಾಗಿಲ ಹಿಂದಿನ ಮೊಳೆಯಲ್ಲಿ ಇನ್ನೂ ನೇತಾಡುತ್ತಿದೆ. ಕೊನೆಯ ತೂತಿಗೆ ಸಿಕ್ಕಿಸಿದರೂ ಅದಕ್ಕೆ ಸಡಿಲವಾಗುತ್ತಿತ್ತು.

ಈಗ ಮಗಳಿಗೆ ಒಂಬತ್ತು ವರ್ಷ. ಮತ್ತೆ ನಾಯಿ ಬೇಕು ಅಂತ ಎಲ್ಲರಿಗೂ ಅನ್ನಿಸಿದೆ. ನನಗೆ ರೆಸ್ಕ್ಯೂನಿಂದ, ಅಂದರೆ ದಿಕ್ಕಿಲ್ಲದ ನಾಯಿಗಳಿಗೆ ಮನೆ ಹುಡುಕುವವರಿಂದ, ಬೆಳೆದ ದೊಡ್ಡ ನಾಯಿ ತರುವ ಆಸೆ. ಯಜಮಾನರಿಗೆ ಒಳ್ಳೆಯ ಬ್ರೀಡರ್ ಹತ್ತಿರ ಮರಿ ತರೋಣ ಅಂತ. ಅತ್ತೆಯವರು ಮಂಡಿ ನೋವಿನಿಂದ ಕೋಲು ಹಿಡಿದು ನಡೆಯುತ್ತಾರೆ. ನಾಯಿ ಮೈಮೇಲೆ ಹಾರಿದರೆ ಬೀಳುತ್ತಾರೆ ಅನ್ನುವ ಭಯ ಒಂದಿದೆ.

ರೆಸ್ಕ್ಯೂನವರು ನಾಲ್ಕು ಪುಟದ ಅರ್ಜಿ ಕೊಟ್ಟು, ಮನೆ ನೋಡಲು ಬರುತ್ತೇವೆ ಅಂದಿದ್ದಾರೆ. ಬ್ರೀಡರ್ ಹೇಳಿದ್ದು, ಈಗ ಮರಿ ಇಲ್ಲ, ಎಂಟು ತಿಂಗಳಾಗಬಹುದು, ಅಷ್ಟರಲ್ಲಿ ಎರಡು ಸಲ ಬಂದು ಹೋಗಿ ಅಂತ. ನಾಯಿಗೆ ಮನೆ ಕೊಡಲು ಹೊರಟವರನ್ನೇ ಇಷ್ಟು ಪ್ರಶ್ನೆ ಮಾಡುತ್ತಾರಲ್ಲ ಅಂತ ಯಜಮಾನರಿಗೆ ಬೇಜಾರು. ಇವರಲ್ಲಿ ಯಾರನ್ನು ನಂಬಬೇಕು? ದೊಡ್ಡ ನಾಯಿ ನಮ್ಮನ್ನು ಹಚ್ಚಿಕೊಳ್ಳುತ್ತದಾ?

---

ಹಳೇಹೊಸ್ತಿಲು ಬರೆದದ್ದು:

ಮೊದಲು ಆ ಮರಿಯ ವಿಷಯ ಹೇಳುತ್ತೇನೆ. ನೀವು ಅದನ್ನು ಮನಸ್ಸಿನಿಂದ ಇಳಿಸಿಲ್ಲ ಅಂತ ಗೊತ್ತಾಗುತ್ತದೆ. ಪಾರ್ವೊ ವೈರಸ್ ಮೈಗೆ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ನಿಮ್ಮ ಮನೆಗೆ ಬರುವಾಗಲೇ ಅದು ತಗುಲಿದ್ದಿರಬೇಕು. ಇನ್ನು ಲಸಿಕೆ. ಅದು 6ರಿಂದ 8 ವಾರಕ್ಕೆ ಶುರುವಾಗಿ, ಕೆಲವು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಹಾಕಬೇಕಾದ್ದು. ಅಷ್ಟು ಎಳೆಯದಕ್ಕೆ ಚುಚ್ಚಿದ್ದರೂ ತಾಯಿ ಹಾಲಿನಿಂದ ಬಂದ, ರೋಗ ತಡೆಯುವ ಪ್ರತಿಕಾಯಗಳು ಎಷ್ಟೋ ಸಲ ಅದನ್ನು ಕೆಲಸ ಮಾಡಲು ಬಿಡುವುದಿಲ್ಲ. ನೀವು ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಯಾವತ್ತೂ ಅಂದುಕೊಳ್ಳಬೇಡಿ.

ನಾನು 11 ವರ್ಷದಿಂದ ರೆಸ್ಕ್ಯೂ ನಾಯಿಗಳಿಗೆ ಫಾಸ್ಟರ್ ಆಗಿದ್ದೇನೆ. ಅಂದರೆ ಹೊಸ ಮನೆ ಸಿಗುವವರೆಗೆ ನಾಯಿ ನನ್ನ ಮನೆಯಲ್ಲಿ ಇರುತ್ತದೆ. ಇಲ್ಲಿಯವರೆಗೆ 38 ನಾಯಿ ಬಂದು ಹೋಗಿವೆ. ನನ್ನ ಅನುಭವದಲ್ಲಿ, ನೀವು ಕೇಳಬೇಕಾದ ಪ್ರಶ್ನೆ ಒಂದೇ. ರೆಸ್ಕ್ಯೂನವರಿಗೂ ಅದೇ, ಬ್ರೀಡರ್‌ಗೂ ಅದೇ: "ಮೂರು ವರ್ಷ ಆದ ಮೇಲೆ ನಮ್ಮ ಕೈಯಲ್ಲಿ ಸಾಕಲು ಆಗದೆ ಹೋದರೆ ನಾಯಿಯನ್ನು ವಾಪಸ್ ತೆಗೆದುಕೊಳ್ತೀರಾ?" ಹೌದು, ಎಷ್ಟು ವರ್ಷ ಆದರೂ ನಮಗೇ ತಂದುಕೊಡಿ, ಬೇರೆ ಯಾರಿಗೂ ಕೊಡಬೇಡಿ ಅಂತ ಬರೆದು ಕೊಡುವವರ ಹತ್ತಿರ ಹೋಗಿ. ಕೈಗೆ ಕೊಟ್ಟ ಮೇಲೆ ನಿಮ್ಮದು ಅನ್ನುವವರ ಹತ್ತಿರ ಬೇಡ. ವಾಪಸ್ ಬರಬಹುದು ಅಂತ ಗೊತ್ತಿರುವವರು ಕೊಡುವ ಮೊದಲೇ ಹತ್ತು ಸಲ ಯೋಚಿಸುತ್ತಾರೆ. ನಿಮ್ಮ ಯಜಮಾನರಿಗೆ ಬೇಜಾರಾದ ನಾಲ್ಕು ಪುಟ ಹುಟ್ಟಿದ್ದು ಅಲ್ಲಿಂದಲೇ. ಆ ಕಾರಿನವರು ಒಂದು ಪ್ರಶ್ನೆಯನ್ನಾದರೂ ಕೇಳಿದ್ದರಾ?

ಮನೆ ನೋಡಲು ಬರುವವರು ನಿಮ್ಮ ಕಸ ಗುಡಿಸಿದ್ದೀರಾ ಅಂತ ನೋಡುವುದಿಲ್ಲ. ನಾನೂ ಆ ಕೆಲಸಕ್ಕೆ ಹೋಗುತ್ತೇನೆ. ನೋಡುವುದು ಗೇಟಿನ ಕೆಳಗಿನ ಸಂದು, ಬಾಲ್ಕನಿ ಕಂಬಿಗಳ ನಡುವಿನ ಜಾಗ, ಮುಂಬಾಗಿಲು ನೇರ ರಸ್ತೆಗೆ ತೆರೆಯುತ್ತದಾ ಅನ್ನುವುದು. ಜೊತೆಗೆ, ಮನೆಯಲ್ಲಿ ಎಲ್ಲರಿಗೂ ನಾಯಿ ಬೇಕಾ ಅನ್ನುವುದು. ಒಬ್ಬರು ಮೂಲೆಯಲ್ಲಿ ಸುಮ್ನೆ ಕೂತಿದ್ದರೆ ಅವರನ್ನೇ ನಾನು ಮೊದಲು ಮಾತಾಡಿಸುವುದು. ನಿಮ್ಮ ಅತ್ತೆಯವರ ಭಯವನ್ನು ಮುಚ್ಚಿಡಬೇಡಿ. ಅದನ್ನು ಕೇಳಿಸಿಕೊಂಡೇ ನಾಯಿ ಆರಿಸಬೇಕು.

ದೊಡ್ಡ ನಾಯಿ ಹಚ್ಚಿಕೊಳ್ಳುತ್ತದಾ ಅಂದಿರಿ. ಒಂದು ಕಂದು ಹೆಣ್ಣು ನಾಯಿಯ ಕಥೆ ಹೇಳುತ್ತೇನೆ. ನಾನು ಚಿನ್ನಿ ಅಂತ ಕರೆಯುತ್ತಿದ್ದೆ. ಸುಮಾರು ಆರು ವರ್ಷ. ಅದರ ಮೊದಲ ಫೋಟೋ ನೋಡಿದವರೆಲ್ಲ, ಎಷ್ಟು ಚೆನ್ನಾಗಿ ನಗ್ತಿದೆ ಅಂದರು. ಅದು ನಗು ಆಗಿರಲಿಲ್ಲ. ಬಾಯಿಯ ಮೂಲೆಗಳು ಹಿಂದಕ್ಕೆ ಎಳೆದುಕೊಂಡಿದ್ದವು, ಕಿವಿ ತಲೆಗೆ ಅಂಟಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಭಯಕ್ಕೆ ಏದುಸಿರು ಬಿಡುತ್ತಿತ್ತು ಪಾಪ. ಮೊದಲ ಮೂರು ದಿನ ನಾನು ಕೋಣೆಯಲ್ಲಿ ಇದ್ದರೆ ನೀರೂ ಕುಡಿಯಲಿಲ್ಲ. ರಾತ್ರಿ ಬಾಗಿಲ ಕಡೆ ಮುಖ ಮಾಡಿ ಕೂತೇ ತೂಕಡಿಸುತ್ತಿತ್ತು. ಮೂರನೇ ವಾರ ಒಂದು ಬೆಳಗ್ಗೆ ನನ್ನ ಒಂದು ಚಪ್ಪಲಿ ಕಾಣಲಿಲ್ಲ. ಚಿನ್ನಿ ಅದನ್ನು ತನ್ನ ಹಾಸಿಗೆಗೆ ತಂದಿತ್ತು. ಕಚ್ಚಿರಲಿಲ್ಲ. ಅದರ ಮೇಲೆ ಗಲ್ಲ ಇಟ್ಟು ಮಲಗಿತ್ತು. ಎರಡು ತಿಂಗಳಾದ ಮೇಲೆ ಒಮ್ಮೆ ಬೊಗಳಿತು. ಅಲ್ಲಿವರೆಗೆ ಅದರ ದನಿ ಹೇಗಿದೆ ಅಂತಲೇ ನನಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ದಿಗಿಲು ಇಳಿಯಲು, ಮೂರು ವಾರ ಮನೆಯ ದಿನಚರಿ ತಿಳಿಯಲು, ಮೂರು ತಿಂಗಳು ಇದು ನನ್ನ ಮನೆ ಅನ್ನಿಸಲು. ಎಲ್ಲ ನಾಯಿಗೂ ಅದೇ ಲೆಕ್ಕ ಹೊಂದುವುದಿಲ್ಲ. ಆದರೆ ಮೊದಲ ವಾರದಲ್ಲೇ ಇದು ನಮಗಲ್ಲ ಅಂತ ತೀರ್ಮಾನ ಮಾಡಬಾರದು ಅನ್ನುವುದಕ್ಕೆ ಸಾಕು. ಮೊದಲ ದಿನಗಳಲ್ಲಿ ನೆಂಟರನ್ನು ಕರೆಯಬೇಡಿ. ಸ್ನಾನ ಬೇಡ. ಮಗಳಿಗೆ ಒಂದು ಮಾತು ಹೇಳಿಕೊಡಿ: ನಾಯಿ ತಾನಾಗಿ ಬಂದರೆ ಮುಟ್ಟು, ನೀನಾಗಿ ಹೋಗಬೇಡ. ನಾಯಿ ಗುರ್ ಅಂದರೆ ಬೈಯಬೇಡಿ, ದೂರ ಸರಿಯಿರಿ. ಗುರ್ ಅನ್ನುವುದು ಅದರ ಎಚ್ಚರಿಕೆ. ಬೈದು ಅದನ್ನು ನಿಲ್ಲಿಸಿದರೆ ಮುಂದೊಮ್ಮೆ ಎಚ್ಚರಿಕೆ ಕೊಡದೇ ಕಚ್ಚಬಹುದು.

ಹೊಸ ನಾಯಿಗಳು ತಪ್ಪಿಸಿಕೊಂಡು ಓಡುವ ಅಪಾಯ ಮೊದಲ ದಿನಗಳಲ್ಲೇ ಜಾಸ್ತಿ. ಎರಡು ಹಗ್ಗ ಬಳಸಿ, ಒಂದು ಕೊರಳಪಟ್ಟಿಗೆ, ಒಂದು ಎದೆಪಟ್ಟಿಗೆ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಪಟ್ಟಿ ಕಿವಿ ದಾಟಿ ಕ್ಷಣದಲ್ಲಿ ಕಳಚುತ್ತದೆ. ಚರ್ಮದ ಕೆಳಗೆ ಹಾಕುವ ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ಸಂಖ್ಯೆಗೆ ನಿಮ್ಮ ಹೆಸರು, ಫೋನ್ ನಂಬರ್ ಜೋಡಿಸಿದ್ದಾರಾ ಅಂತ ಅವತ್ತೇ ನೋಡಿ. ನಾಯಿ ಎಲ್ಲಿದೆ ಅಂತ ಚಿಪ್ ತೋರಿಸುವುದಿಲ್ಲ. ಸಿಕ್ಕ ನಾಯಿ ಯಾರದ್ದು ಅಂತ ಮಾತ್ರ ಹೇಳುತ್ತದೆ, ಅದೂ ಹೆಸರು ಜೋಡಿಸಿದ್ದರೆ.

ಕೊನೆಗೆ ಕೋಲಿನ ವಿಷಯ. ಕೋಲು ಕಂಡರೆ ನೆಲಕ್ಕೆ ಅಂಟುವ ನಾಯಿಗಳನ್ನು ನೋಡಿದ್ದೇನೆ. ಯಾಕೆ ಅಂತ ಕೇಳಬೇಕಾಗಿಲ್ಲ. ಫಾಸ್ಟರ್ ಮನೆಗೆ ಹೋಗುವಾಗ ಅತ್ತೆಯವರನ್ನು ಕೋಲಿನ ಸಮೇತ ಕರೆದುಕೊಂಡು ಹೋಗಿ. ಆ ನಾಯಿ ಏನು ಮಾಡುತ್ತದೆ ನೋಡಿ.

---

ಎರಡುಕಿವಿ ಬರೆದದ್ದು:

ನಾನು ಬ್ರೀಡರ್ ಹತ್ತಿರ ತಂದವನು. ರೆಸ್ಕ್ಯೂನಿಂದ ತರದಿದ್ದಕ್ಕೆ ಕೆಲವರು ನನ್ನನ್ನು ತಪ್ಪಿತಸ್ಥನಂತೆ ನೋಡಿದ್ದಾರೆ. ನಿಮ್ಮ ಯಜಮಾನರ ಆಸೆಯೂ ತಪ್ಪಲ್ಲ ಅಂತ ಹೇಳಲು ಬರೆಯುತ್ತಿದ್ದೇನೆ. ಆದರೆ ಕಾಯುವ ಮನಸ್ಸು ಇರಬೇಕು. ನಾನು 14 ತಿಂಗಳು ಕಾದೆ.

ಲ್ಯಾಬ್ರಡಾರ್ ಆದರೆ ಮರಿಯ ಮುದ್ದು ಮುಖ ನೋಡುವ ಮೊದಲು ತಂದೆ ತಾಯಿಯ ಸೊಂಟದ ಮತ್ತು ಮೊಣಕೈಯ ಎಕ್ಸ್‌ರೇ ವರದಿ ಕೇಳಿ. ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ಈ ತಳಿಯಲ್ಲಿ ಇದೆ, ವಂಶದಲ್ಲಿ ಇಳಿದು ಬರುತ್ತದೆ. ಕಣ್ಣಿನ ಪರೀಕ್ಷೆಯೂ ಆಗಿರಬೇಕು. ಜೋರಾಗಿ ಓಡಿದಾಗ ಹಿಂಗಾಲು ಕುಸಿಯುವ ಒಂದು ಕಾಯಿಲೆ ಇದೆ, ಅದಕ್ಕೂ ಡಿಎನ್‌ಎ ಪರೀಕ್ಷೆ ಉಂಟು. ಡಾಕ್ಟರಿಗೆ ತೋರಿಸಿದ್ದೇವೆ, ಆರೋಗ್ಯವಾಗಿದೆ ಅನ್ನುವ ಬಾಯಿಮಾತು ಇದಕ್ಕೆ ಸಮ ಅಲ್ಲ. ಒಳ್ಳೆಯ ಬ್ರೀಡರ್‌ಗೆ ಈ ಪ್ರಶ್ನೆ ಕೇಳಿದರೆ ಖುಷಿ ಆಗುತ್ತದೆ. ನಮ್ಮವರು ಫೈಲ್ ತಂದು ಮೇಜಿನ ಮೇಲೆ ಹರಡಿ ಅರ್ಧ ಗಂಟೆ ವಿವರಿಸಿದರು.

ಮರಿಗಳು ಐದು ವಾರದವಾಗಿದ್ದಾಗ ಹೋಗಿದ್ದೆ. ಮನೆಯ ಹಾಲ್‌ನಲ್ಲೇ ಇದ್ದವು. ಟಿವಿ ಶಬ್ದ, ಪಾತ್ರೆ ಬಿದ್ದ ಶಬ್ದ, ಮಕ್ಕಳ ಓಡಾಟ ಎಲ್ಲದರ ನಡುವೆ ತಾಯಿ ಮೊಲೆ ಕುಡಿಸುತ್ತಿತ್ತು. ನಾನು ಒಳಗೆ ಬಂದರೆ ತಾಯಿ ತಲೆ ಎತ್ತಿ ನೋಡಿ ಮತ್ತೆ ಮಲಗಿತು. ಆ ಒಂದು ನೋಟದಲ್ಲೇ ನನಗೆ ಅರ್ಧ ಧೈರ್ಯ ಬಂತು. ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕು ವಾರದವರೆಗೆ ಮರಿ ಏನನ್ನು ನೋಡಿ ಕೇಳಿ ಒಗ್ಗಿಕೊಳ್ಳುತ್ತದೋ ಅದು ಜೀವನಪೂರ್ತಿ ಉಳಿಯುತ್ತದೆ. ಹಿತ್ತಲಿನ ಕತ್ತಲೆ ಗೂಡಿನಲ್ಲಿ ಬೆಳೆದ ಮರಿಗೆ ಆ ಕಾಲ ಸುಮ್ನೆ ಕಳೆದುಹೋಗಿರುತ್ತದೆ.

ನಾನು ಬೆರಳು ಮಾಡಿ ತೋರಿಸಿದ ಮರಿಯನ್ನು ಅವರು ಕೊಡಲಿಲ್ಲ. ಅದಕ್ಕೆ ಚುರುಕು ಜಾಸ್ತಿ, ನೀವು ಒಬ್ಬರೇ ಇರೋರು, ಇದನ್ನು ತಗೊಳ್ಳಿ ಅಂತ ಮೂಲೆಯಲ್ಲಿದ್ದ ಸಮಾಧಾನದ ಮರಿಯನ್ನು ಕೊಟ್ಟರು. ಈಗ ಅದಕ್ಕೆ ನಾಲ್ಕು ವರ್ಷ. ಅವರು ಹೇಳಿದ್ದೇ ಸರಿ.

ಎರಡು ಮಾತಿಗೆ ಮರುಳಾಗಬೇಡಿ. ಕಪ್‌ನಲ್ಲಿ ಹಿಡಿಸುವಷ್ಟು ಪುಟ್ಟ ನಾಯಿ ಅಂತ ಮಾರುವ 'ಟೀಕಪ್' ಅನ್ನುವ ತಳಿ ಇಲ್ಲ. ಅಪರೂಪದ ಬಣ್ಣ ಅಂತ ಹೆಚ್ಚು ಹಣ ಕೇಳುವವರನ್ನೂ ನಂಬಬೇಡಿ. ಚುಕ್ಕೆ ಚುಕ್ಕೆಯ ಮರ್ಲ್ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದರೆ, ನಾಲ್ಕರಲ್ಲಿ ಒಂದು ಮರಿಗೆ ಆ ಗುಣ ಎರಡೂ ಕಡೆಯಿಂದ ಬರುವ ಸಂಭವ ಇದೆ. ಅಂಥ ಮರಿಗಳು ಎಷ್ಟೋ ಸಲ ಕಿವುಡಾಗಿ, ಕುರುಡಾಗಿ ಹುಟ್ಟುತ್ತವೆ. ಬಣ್ಣಕ್ಕಾಗಿ ಹಾಗೆ ಮಾಡುವವರೂ ಇದ್ದಾರೆ.

ಮತ್ತೊಂದು ದಾರಿಯನ್ನೂ ನೋಡಿ. ಒಳ್ಳೆಯ ಬ್ರೀಡರ್‌ಗಳು ತಾಯಿ ನಾಯಿಗೆ ಮರಿ ಹಾಕಿಸುವುದನ್ನು ನಿಲ್ಲಿಸಿದ ಮೇಲೆ ಅದಕ್ಕೂ ಒಳ್ಳೆ ಮನೆ ಹುಡುಕುತ್ತಾರೆ. ಐದಾರು ವರ್ಷದ, ನಡತೆ ಗೊತ್ತಿರುವ ನಾಯಿ. ಅಂಥದ್ದು ಇದೆಯಾ ಅಂತ ನಿಮ್ಮ ಬ್ರೀಡರ್‌ಗೆ ಕೇಳಿ.

---

ತಿಳಿಸಂಜೆ ಬರೆದದ್ದು:

ನಾನು ನಾಯಿ ಕೊಟ್ಟವಳು. ಇದನ್ನು ಬರೆಯಲು ಧೈರ್ಯ ಬೇಕಾಯಿತು.

ನನ್ನ ಕಾಯಿಲೆ ಜಾಸ್ತಿಯಾಗಿ ಎದ್ದು ನಡೆಯಲೂ ಆಗದ ಸ್ಥಿತಿ ಬಂದಾಗ ನಮ್ಮ ಗುಂಡನಿಗೆ ಐದು ವರ್ಷ. ಉಚಿತವಾಗಿ ಕೊಡುತ್ತೇವೆ ಅಂತ ಹಾಕಿಬಿಡು, ಬೇಗ ಯಾರಾದರೂ ಬರ್ತಾರೆ ಅಂದರು ಮನೆಯವರು. ಹಾಕಲಿಲ್ಲ, ಸದ್ಯ. ಹಾಗೆ ತೆಗೆದುಕೊಂಡು ಹೋಗಿ ಮಾರುವವರು, ಮರಿ ಹಾಕಿಸಲು ಕೂಡಿಡುವವರು ಇದ್ದಾರೆ. ಗುಂಡನನ್ನು ಕೊಟ್ಟಿದ್ದ ಬ್ರೀಡರ್‌ಗೆ ಫೋನ್ ಮಾಡಿದೆ. ಐದು ವರ್ಷದ ಹಿಂದಿನ ಒಪ್ಪಂದದ ಹಾಳೆ ಹುಡುಕುತ್ತಿದ್ದೇನೆ ಅಂದೆ. ಹಾಳೆ ಬೇಡ, ಯಾವಾಗ ಬರಲಿ ಅಂದರು. ಹಳೇಹೊಸ್ತಿಲು ಹೇಳಿದ ಆ ಪ್ರಶ್ನೆ ನನ್ನ ಬದುಕಿನಲ್ಲಿ ನಿಜವಾಗಿ ಬಂತು.

ಅವರು ಕೇಳಿದ್ದು ಒಂದೇ: ಗುಂಡನ ಬಗ್ಗೆ ಎಲ್ಲ ಬರೆದುಕೊಡಿ, ಒಳ್ಳೆಯದನ್ನು ಮಾತ್ರ ಅಲ್ಲ. ಎರಡು ರಾತ್ರಿ ಕೂತು ಬರೆದೆ. ಗುಡುಗಿಗೆ ಬಚ್ಚಲಿಗೆ ಓಡುತ್ತಾನೆ, ಬಾಗಿಲು ಹಾಕಬೇಡಿ. ಬಾಯಲ್ಲಿ ಮೂಳೆ ಇದ್ದಾಗ ಹತ್ತಿರ ಹೋದರೆ ಗುರ್ ಅನ್ನುತ್ತಾನೆ. ಎಡ ಕಿವಿ ಆಗಾಗ ಸೋಂಕಾಗುತ್ತದೆ. 'ಬಾ' ಅಂದರೆ ಬರುವುದಿಲ್ಲ, 'ಹೋಗೋಣ್ವಾ' ಅಂದರೆ ಓಡಿ ಬರುತ್ತಾನೆ. ಅವನ ಹೊದಿಕೆಯನ್ನು ಒಗೆಯದೆ ಹಾಗೇ ಜೊತೆಗೆ ಕಳಿಸಿದೆ, ಮನೆಯ ವಾಸನೆ ಇರಲಿ ಅಂತ. ಹೊಸ ಮನೆಯವರು ಮೊದಲ ದಿನ 'ಹೋಗೋಣ್ವಾ' ಅಂದಾಗ ಗುಂಡ ಕಿವಿ ನಿಮಿರಿಸಿದ ವಿಡಿಯೋ ಕಳಿಸಿದ್ದರು. ಈಗಲೂ ನನ್ನ ಫೋನಿನಲ್ಲಿದೆ.

ಮಳೆಹನಿ, ನೀವು ನೋಡುವ ದೊಡ್ಡ ನಾಯಿಯನ್ನು ಯಾರೋ ಹೀಗೆ ಅಳುತ್ತಾ ಕೊಟ್ಟಿರಬಹುದು. ಬಿಟ್ಟುಹೋದ ನಾಯಿ ಅಂದರೆ ಏನೋ ಕೆಟ್ಟ ಗುಣ ಇರಬೇಕು ಅಂದುಕೊಳ್ಳಬೇಡಿ. ಅದರ ಬಗ್ಗೆ ಬರೆದ ಹಾಳೆ ಇದ್ದರೆ ಕೇಳಿ ಪಡೆಯಿರಿ.

---

ಮಳೆಹನಿ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಉತ್ತರಗಳನ್ನು ಯಜಮಾನರಿಗೆ ಓದಿ ಹೇಳಿದೆ. ಆ ನಾಲ್ಕು ಪುಟವನ್ನು ಅವರೇ ಕೂತು ತುಂಬಿದರು. ವಾಪಸ್ ತೆಗೆದುಕೊಳ್ತೀರಾ ಅಂತ ಕೇಳಿದೆವು. ಎರಡನೇ ಪುಟದ ಕೆಳಗೆ ಆಗಲೇ ಬರೆದಿತ್ತು, ನಾವು ಓದಿರಲಿಲ್ಲ ಅಷ್ಟೇ.

ನಿನ್ನೆ ಫಾಸ್ಟರ್ ಮನೆಗೆ ಹೋಗಿದ್ದೆವು. ನಾಲ್ಕು ವರ್ಷದ ಕಪ್ಪು ಹೆಣ್ಣು ನಾಯಿ, ಮೂತಿಯ ತುದಿ ಬಿಳಿ. ಅತ್ತೆಯವರು ಕುರ್ಚಿಯಲ್ಲಿ ಕೂತು ಕೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡರು. ನಾಯಿ ಹತ್ತು ನಿಮಿಷ ದೂರದಲ್ಲೇ ಇತ್ತು. ಆಮೇಲೆ ಬಂದು ಕೋಲಿನ ರಬ್ಬರ್ ತುದಿಯನ್ನು ಮೂಸಿತು. ಕೈಹಿಡಿಯ ತನಕ ಮೂಸುತ್ತಾ ಬಂತು. ಅತ್ತೆಯವರು ಅಲ್ಲಾಡಲಿಲ್ಲ. ಕೊನೆಗೆ ಅವರ ಬೆರಳನ್ನು ಒಂದು ಸಲ ನೆಕ್ಕಿ ತನ್ನ ಜಾಗಕ್ಕೆ ಹೋಗಿ ಮಲಗಿತು. ಇದು ಹಾರೋದಿಲ್ಲ ಬಿಡು ಅಂದರು ಅತ್ತೆ.

ಭಾನುವಾರ ಮತ್ತೆ ಹೋಗುತ್ತೇವೆ. ಒಂದು ವಿಷಯ ಕೇಳಬೇಕಿತ್ತು. ನಮ್ಮ ಮನೆಯಲ್ಲಿ ಪಾರ್ವೊ ಬಂದಿತ್ತಲ್ಲ, ಇದಕ್ಕೇನಾದರೂ ಅಪಾಯ ಇದೆಯಾ?

---

ಹಳೇಹೊಸ್ತಿಲು ಬರೆದದ್ದು:

ಆ ವೈರಸ್ ಗಟ್ಟಿ, ಮಣ್ಣಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ನಿಮ್ಮಲ್ಲಿ ಎರಡು ವರ್ಷ ಕಳೆದಿದೆ, ಬರುತ್ತಿರುವುದು ದೊಡ್ಡ ನಾಯಿ. ಅದರ ಲಸಿಕೆ ಕಾರ್ಡಿನಲ್ಲಿ ಪಾರ್ವೊ ಆಗಿದೆಯಾ ಅಂತ ನೋಡಿಕೊಂಡರೆ ಹೆದರಬೇಕಾಗಿಲ್ಲ. ಸಮಾಧಾನಕ್ಕೆ ನೆಲವನ್ನು ಮೊದಲು ಸೋಪಿನಿಂದ ತೊಳೆದು, ಆಮೇಲೆ ನೀರು ಬೆರೆಸಿದ ಬ್ಲೀಚ್‌ನಲ್ಲಿ ಹತ್ತು ನಿಮಿಷ ನೆನೆಸಿ ಒರೆಸಿ. ಹಳೆಯ ಊಟದ ತಟ್ಟೆ, ಬಟ್ಟೆ ಉಳಿದಿದ್ದರೆ ಬಳಸಬೇಡಿ.

ಕೆಂಪು ಪಟ್ಟಿ ಅಲ್ಲೇ ಇರಲಿ. ಭಾನುವಾರ ಹೋಗುವಾಗ ಅತ್ತೆಯವರ ಹಳೇ ಟವೆಲ್ ಒಂದನ್ನು ಒಯ್ದು ಅದರ ಹಾಸಿಗೆ ಪಕ್ಕ ಇಟ್ಟು ಬನ್ನಿ.