ಹೃದಯದಾಕಾರದ ಕಲ್ಲು, ಮೇಲೆ ಐದು ಎಸಳಿನ ಗುರುತು. ವಿನೆಗರ್ ಹಾಕಿದರೆ ನೊರೆ ಬರುತ್ತಿಲ್ಲ, ಪಳೆಯುಳಿಕೆ ಹೌದೋ ಅಲ್ಲವೋ?

ಪ್ರಶ್ನೆ:
ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ. ಭಾನುವಾರ ಸೌತ್ ಡೌನ್ಸ್ ಗುಡ್ಡಗಳಲ್ಲಿ ನಡೆಯುವಾಗ ಕಾಲುದಾರಿಯಲ್ಲಿ ಈ ಕಲ್ಲು ಸಿಕ್ಕಿತು. ಸುಮಾರು 5 ಸೆಂಟಿಮೀಟರ್ ಇದೆ. ಬೂದು ಬಣ್ಣ, ತುಂಬಾ ಗಟ್ಟಿ. ಒಂದು ತುದಿಯಲ್ಲಿ ತೋಡು ಇರುವುದರಿಂದ ಹೃದಯದ ಹಾಗೆ ಕಾಣುತ್ತದೆ. ಮೇಲೆ ಹೂವಿನಂತೆ ಐದು ಎಸಳು, ಎಸಳಿನುದ್ದಕ್ಕೂ ಸಣ್ಣ ಚುಕ್ಕೆಗಳ ಸಾಲು. ಯಾರೋ ಕೆತ್ತಿದ್ದಾರೇನೋ ಅನ್ನುವಷ್ಟು ಅಚ್ಚುಕಟ್ಟಾಗಿದೆ. ಕಡಲ ಚಿಪ್ಪಾದರೆ ವಿನೆಗರ್‌ಗೆ ನೊರೆ ಬರಬೇಕು ಎಂದು ಓದಿದ್ದೆ. ನಾಲ್ಕು ಸಲ ಹಾಕಿದೆ, ಏನೂ ಆಗಲಿಲ್ಲ. ಹಾಗಾದರೆ ಇದು ಸುಮ್ನೆ ಕಲ್ಲೇ?

ಉತ್ತರ 1:
ನೇಪಾಳದ ಗಂಡಕಿಯಲ್ಲಿ ಸಿಗುವ ಸಾಲಿಗ್ರಾಮದ ಥರದ್ದು ಇರಬಹುದಾ?

ಉತ್ತರ 2:
ಸಾಲಿಗ್ರಾಮದೊಳಗೆ ಇರುವುದು ಅಮೋನೈಟ್ ಎಂಬ ಹಳೇ ಕಡಲ ಜೀವಿಯ ಚಿಪ್ಪು. ಅದರಲ್ಲಿ ಸುರುಳಿ ಇರುತ್ತದೆ, ಐದು ಎಸಳು ಇರುವುದಿಲ್ಲ. ಐದರ ಲೆಕ್ಕ ಕಂಡರೆ ಮೊದಲು ನೆನಪಾಗಬೇಕಾದದ್ದು ನಕ್ಷತ್ರ ಮೀನಿನ ಬಳಗ. ನಿಮ್ಮದು ಆ ಬಳಗದ ಸೀ ಅರ್ಚಿನ್, ಅಂದರೆ ಮೈಯೆಲ್ಲ ಮುಳ್ಳಿರುವ ಕಡಲ ಜೀವಿ. ಹೃದಯದಾಕಾರ ಮತ್ತು ಮುಂದಿನ ತೋಡು ನೋಡಿದರೆ ಮೈಕ್ರಾಸ್ಟರ್ ಎಂಬ ಬಗೆಯ ಅರ್ಚಿನ್. ವಯಸ್ಸು ಸುಮಾರು 8–9 ಕೋಟಿ ವರ್ಷ.

ಇನ್ನು ನೊರೆಯ ವಿಷಯ. ಎಲ್ಲರೂ ಎಡವುವುದು ಇಲ್ಲೇ. ಆ ಗುಡ್ಡಗಳೆಲ್ಲ ಸೀಮೆಸುಣ್ಣದ ಬಂಡೆ, ಒಂದು ಕಾಲದ ಕಡಲ ತಳ. ಅರ್ಚಿನ್ ಸತ್ತು ಕೆಸರಲ್ಲಿ ಹೂತುಹೋಯಿತು. ಸ್ಪಂಜು ಎಂಬ ಕಡಲ ಜೀವಿಗಳ ಅಸ್ಥಿಯಿಂದ ಕರಗಿ ಬಂದ ಸಿಲಿಕಾ ಆ ಖಾಲಿ ಚಿಪ್ಪಿನೊಳಗೆ ಸೇರಿ ಚಕಮಕಿ ಕಲ್ಲಾಗಿ ಗಟ್ಟಿಯಾಯಿತು. ಆಮೇಲೆ ಹೊರಗಿನ ಚಿಪ್ಪು ಕರಗಿಹೋಯಿತು. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ: ಮರದ ಅಚ್ಚನ್ನು ತೆಗೆದ ಮೇಲೆ ಸಕ್ಕರೆಯ ಗೊಂಬೆ ಮಾತ್ರ ಉಳಿಯುತ್ತದಲ್ವಾ, ಹಾಗೆ. ನಿಮ್ಮ ಕೈಯಲ್ಲಿರುವುದು ಆ ಗೊಂಬೆ. ನೊರೆ ಬರುವುದು ಸುಣ್ಣಕ್ಕೆ, ಚಕಮಕಿಗಲ್ಲ. ಚಾಕುವಿನ ತುದಿಯಿಂದ ಮೂಲೆಯಲ್ಲಿ ಗೀಚಿ ನೋಡಿ, ಗೀರು ಬೀಳಬಾರದು.

ಇನ್ನೊಂದು ಪರೀಕ್ಷೆ ಮಾಡಿ. ದುಂಡನೆಯ ಅರ್ಚಿನ್‌ಗಳಿಗೆ ಬಾಯಿ ತಳದ ನಡುವೆ ಇರುತ್ತದೆ. ಮೈಕ್ರಾಸ್ಟರ್ ಕೆಸರು ಕೊರೆದು ಮುಂದಕ್ಕೆ ಹೋಗುವ ಜೀವಿ, ಹಾಗಾಗಿ ಅದರ ಬಾಯಿ ತಳದಲ್ಲಿ ತೋಡಿನ ಕಡೆಗೆ ಸರಿದಿರುತ್ತದೆ. ಕಲ್ಲು ತಿರುಗಿಸಿ ನೋಡಿ. ತಳ ಚಪ್ಪಟೆಯಾಗಿ, ತೋಡೇ ಇಲ್ಲದೆ, ಮೇಲೆ ಹೆಲ್ಮೆಟ್ಟಿನಂತೆ ಎತ್ತರವಾಗಿದ್ದರೆ ಅದು ಎಕಿನೊಕೋರಿಸ್ ಎಂಬ ಇನ್ನೊಂದು ಬಗೆಯ ಅರ್ಚಿನ್. ಅದೂ ಅಲ್ಲಿ ಜಾಸ್ತಿ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಗೀರು ಬೀಳಲಿಲ್ಲ ಸರ್, ಚಾಕುವಿನ ಲೋಹವೇ ಕಲ್ಲಿಗೆ ಅಂಟಿತು! ತಳದಲ್ಲಿ, ತೋಡಿನ ಹತ್ತಿರ, ಅರ್ಧಚಂದ್ರದಂಥ ಗುರುತೂ ಇದೆ. ಹಾಗಾದರೆ ಆ ಚುಕ್ಕೆಗಳು ಏನು? ಯಾವ ಜಾತಿ ಅಂತಲೂ ಹೇಳಬಹುದಾ?

ಉತ್ತರ 2:
ಅರ್ಧಚಂದ್ರವೇ ಬಾಯಿ. ಚುಕ್ಕೆಗಳು ಚಿಪ್ಪಿನ ತೂತುಗಳ ಗುರುತು. ಮೆತ್ತನೆಯ ಕೊಳವೆ ಕಾಲುಗಳು ಅವುಗಳ ಮೂಲಕ ಹೊರಗೆ ಬರುತ್ತಿದ್ದವು. ನನಗಂತೂ ಆ ಸಾಲು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಜಾತಿ ಹೇಳುವುದು ಕಷ್ಟ. 1899ರಲ್ಲಿ ಆರ್ಥರ್ ರೋವ್ ಎಂಬ ವೈದ್ಯರು ಸೀಮೆಸುಣ್ಣದ ಪದರದಿಂದ ಪದರಕ್ಕೆ ಮೈಕ್ರಾಸ್ಟರ್ ಹೇಗೆ ಬದಲಾಗುತ್ತಾ ಹೋಯಿತು ಎಂದು ತೋರಿಸಿದರು. ಆದರೆ ಅವರು ನೋಡಿದ್ದು ಯಾವ ಪದರದ್ದು ಎಂದು ಗೊತ್ತಿದ್ದ ಚಿಪ್ಪುಗಳನ್ನು. ದಾರಿಯಲ್ಲಿ ಬಿದ್ದಿದ್ದ ಚಕಮಕಿ ಗೊಂಬೆಯಲ್ಲಿ ಆ ಸೂಕ್ಷ್ಮಗಳು ಉಳಿದಿರುವುದಿಲ್ಲ. ಮೈಕ್ರಾಸ್ಟರ್ ಎಂದಷ್ಟೇ ಬರೆದಿಡಿ. ಜೊತೆಗೆ ಸಿಕ್ಕ ಜಾಗ, ದಿನಾಂಕ ಕಡ್ಡಾಯ. ನೀರು, ಹಳೇ ಟೂತ್‌ಬ್ರಷ್ ಸಾಕು, ವಾರ್ನಿಷ್ ಬೇಡ. ಮುಂದೆ ಹುಡುಕಲು ಹೋದರೆ ಕಡಲ ದಡದ ಸೆವೆನ್ ಸಿಸ್ಟರ್ಸ್ ಬಂಡೆಗಳ ಬುಡಕ್ಕೆ ಮಾತ್ರ ಹೋಗಬೇಡಿ. ಸೀಮೆಸುಣ್ಣ ಹೇಳದೆ ಕೇಳದೆ ಕುಸಿಯುತ್ತದೆ.

ಉತ್ತರ 3:
ಅಲ್ಲಿನ ಹಳ್ಳಿಯವರು ಇವನ್ನು ಕುರುಬರ ಕಿರೀಟ ಎನ್ನುತ್ತಿದ್ದರು. ಸಿಡಿಲು ಬಡಿಯದಿರಲಿ ಎಂದು ಕಿಟಕಿಯಲ್ಲಿ ಇಡುತ್ತಿದ್ದರಂತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಚೀಟಿ ಬರೆದು ಅಂಟಿಸಿದೆ. ಕಲ್ಲು ಈಗ ನಮ್ಮ ಅಡುಗೆಮನೆ ಕಿಟಕಿಯಲ್ಲಿದೆ.