ಅಪ್‌ಡೇಟ್: ಬೇರೆ ದೇಶಗಳ ಸೀರೀಸ್ ಹುಡುಕುವ ದಾರಿ

ಇಂಗ್ಲಿಷ್, ಕೊರಿಯನ್ ಬಿಟ್ಟು ಬೇರೆ ಭಾಷೆಯ ಸೀರೀಸ್ ಹುಡುಕುವುದು ಹೇಗೆ ಎಂದು ಕೇಳಿದ್ದೆ. ಕೆಲಸಕ್ಕೆ ಬಂದ ಸಲಹೆ ಇದು: ನೆಟ್‌ಫ್ಲಿಕ್ಸನ್ನು ಕಂಪ್ಯೂಟರ್ ಬ್ರೌಸರ್‌ನಲ್ಲಿ ತೆರೆದು ‘ಬ್ರೌಸ್ ಬೈ ಲ್ಯಾಂಗ್ವೇಜಸ್’ ಒತ್ತಿ, ‘ಒರಿಜಿನಲ್ ಲ್ಯಾಂಗ್ವೇಜ್’ ಆರಿಸಿ, ಆಮೇಲೆ ಭಾಷೆ ಕೊಡುವುದು. ‘ಡಬ್ಬಿಂಗ್’ ಆರಿಸಿದರೆ ಬರುವ ಪಟ್ಟಿಯೇ ಬೇರೆ.

ಜರ್ಮನಿಯ ‘ಡಾರ್ಕ್’ (2017–2020, 26 ಕಂತು) ಹಾಕಿದರೆ ತುಟಿಗೂ ಮಾತಿಗೂ ತಾಳೆಯಿಲ್ಲ. ಆಡಿಯೊ ತಾನಾಗಿ ಇಂಗ್ಲಿಷ್‌ಗೆ ಹೋಗಿತ್ತು. ಆಡಿಯೊ ಜರ್ಮನ್, ಸಬ್‌ಟೈಟಲ್ ‘ಸಿಸಿ’ (ಕ್ಲೋಸ್ಡ್ ಕ್ಯಾಪ್ಶನ್, ಕಿವಿ ಕೇಳದವರಿಗಾಗಿ ಸದ್ದುಗಳನ್ನೂ ಬರೆದಿರುವುದು) ಇಲ್ಲದ ಇಂಗ್ಲಿಷ್ ಇಟ್ಟಾಗ ಸರಿಹೋಯಿತು. ಸಿಸಿ ಸಾಮಾನ್ಯವಾಗಿ ಡಬ್ ಮಾಡಿದ ಮಾತಿನದು.

‘ದಿ ಬ್ರಿಡ್ಜ್’ ಎಂಬ ಪೊಲೀಸ್ ಪತ್ತೇದಾರಿ ಸೀರೀಸ್ ಹುಡುಕುವವರು ವರ್ಷ ನೋಡಿಕೊಳ್ಳಿ: 2013ರದು ಅಮೆರಿಕದ ರೀಮೇಕ್, ಸ್ವೀಡನ್–ಡೆನ್ಮಾರ್ಕ್ ಸೇರಿ ಮಾಡಿದ ಮೂಲ 2011ರದು. ಮೂಲಕ್ಕಂತೂ ಡಬ್ಬಿಂಗ್ ಬೇಡವೇ ಬೇಡ. ನಾಯಕಿ ಸ್ವೀಡಿಷ್ ಆಡುತ್ತಾಳೆ, ಜೊತೆಗಾರ ಡ್ಯಾನಿಷ್. ಅರ್ಧ ಸ್ವಾರಸ್ಯ ಅಲ್ಲೇ ಇದೆ.