ಮಸೂದೆಗೆ ಬಲಕ್ಕೆ ತಳ್ಳಿದರೆ ಸಾಕಾ?

ಕೋಡ್‌ಕುಟ್ಟಿಗ:
ನಾವು ಮೂವರು ಗೆಳೆಯರು ಸೇರಿ ಒಂದು ಆಪ್ ಮಾಡುತ್ತಿದ್ದೇವೆ. ಯಾವುದಾದರೂ ಕರಡು ಮಸೂದೆ ಹೊರಬಿದ್ದು "ಆಕ್ಷೇಪಣೆ, ಸಲಹೆ ಕಳಿಸಿ" ಎಂದು ಕರೆದಾಗ, ಅದನ್ನು ಹದಿನಾರರಿಂದ ಇಪ್ಪತ್ತೈದರ ವಯಸ್ಸಿನವರ ಫೋನಿಗೆ ತಲುಪಿಸಬೇಕು ಅನ್ನುವುದು ಆಸೆ. ಇಡೀ ಮಸೂದೆಯನ್ನು ಎಐ ಐದು ಕಾರ್ಡುಗಳಲ್ಲಿ ಹೇಳುತ್ತದೆ. ಬಲಕ್ಕೆ ತಳ್ಳಿದರೆ ಒಪ್ಪಿಗೆ, ಎಡಕ್ಕೆ ತಳ್ಳಿದರೆ ಬೇಡ. ಲೆಕ್ಕ ಹಾಕಿ ಮಸೂದೆ ಪರಿಶೀಲಿಸುವ ಸಮಿತಿಗೆ ಕಳಿಸುತ್ತೇವೆ. ಎಲ್ಲಿ ಎಡವುತ್ತೇವೆ ಹೇಳಿ. ಬೈದರೂ ಬೇಜಾರಿಲ್ಲ.

ಹಳೇ ಗುಮಾಸ್ತ:
ಬೈಯಲ್ಲಪ್ಪ. ಇಂಥ ಸಲಹೆಗಳು ಬಂದು ಬೀಳುವ ಕಚೇರಿಯಲ್ಲೇ ನಾನು ವರ್ಷಗಟ್ಟಲೆ ಕೂತಿದ್ದವನು. ಒಂದೇ ಒಕ್ಕಣೆಯ ನಾನೂರು ಪತ್ರ ಬಂದರೆ ಏನು ಮಾಡುತ್ತಿದ್ದೆವು ಗೊತ್ತಾ? ಒಂದನ್ನು ಮೇಲಿಟ್ಟು, "ಇದೇ ರೀತಿ ಇನ್ನೂ 399" ಎಂದು ಬರೆದು ದಾರ ಕಟ್ಟುತ್ತಿದ್ದೆವು. ಅದೇ ಒಬ್ಬರು "ಕಲಂ 9ರಲ್ಲಿ ನೋಟಿಸಿಗೆ ಏಳು ದಿನ ಸಾಲದು, ಊರಲ್ಲಿ ಇಲ್ಲದವರಿಗೆ ತಲುಪುವುದೇ ಇಲ್ಲ" ಎಂದು ಬರೆದರೆ, ಅದಕ್ಕೆ ಬೇರೆ ಟಿಪ್ಪಣಿ ಹಾಕಿ ಮೇಲಕ್ಕೆ ಕಳಿಸಲೇಬೇಕಿತ್ತು. ನಿಮ್ಮ ಲೆಕ್ಕ ಆ ದಾರದ ಕಟ್ಟಿಗೇ ಸೇರುತ್ತದೆ.

ಮಳೆಹನಿ19:
ಸರ್, ಆ ಕಲಂ 9ರ ತನಕ ನಾವು ಹೋಗುವುದು ಹೇಗೆ ಹೇಳಿ? ಕಳೆದ ವರ್ಷ ಒಂದು ಕರಡು ತೆಗೆದು ಕೂತೆ. ಸ್ಕ್ಯಾನ್ ಮಾಡಿದ ಪಿಡಿಎಫ್. ಒಂದು ಪದ ಹುಡುಕಲೂ ಆಗುವುದಿಲ್ಲ. ಒಳಗೆ ಹೀಗಿತ್ತು: "ಕಲಂ 4ರ ಉಪಕಲಂ (2)ರಲ್ಲಿ 'ಮತ್ತು' ಎಂಬ ಪದದ ಬದಲಿಗೆ 'ಅಥವಾ' ಎಂಬ ಪದವನ್ನು ಸೇರಿಸತಕ್ಕದ್ದು." ಅಷ್ಟೇ. ಮೂಲ ಕಾಯ್ದೆ ಅದರಲ್ಲಿ ಇಲ್ಲ. ಬೇರೆಲ್ಲಿಂದಲೋ ಹುಡುಕಿ ತಂದು, ಪಕ್ಕಪಕ್ಕ ಇಟ್ಟು ನೋಡುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಆಮೇಲೆ ಗೊತ್ತಾಯಿತು. ಮೊದಲು ಎರಡು ತಪ್ಪೂ ಸಾಬೀತಾದರೆ ಮಾತ್ರ ಪರವಾನಗಿ ರದ್ದು. ಇನ್ನು ಮುಂದೆ ಒಂದಾದರೂ ಸಾಕು. ಒಂದೇ ಪದ!

ಕೋಡ್ ಅಣ್ಣಾ, ನಿಮ್ಮ ಐದು ಕಾರ್ಡಿನಲ್ಲಿ ಆ "ಅಥವಾ" ಉಳಿಯುತ್ತದಾ?

ಕೋಡ್‌ಕುಟ್ಟಿಗ:
ಇಂಥದ್ದೇ ಒಂದು ತಿದ್ದುಪಡಿ ಹಾಕಿ ಈಗಷ್ಟೇ ನೋಡಿದೆ. "ನಿಯಮಗಳನ್ನು ಸರಳಗೊಳಿಸಲಾಗಿದೆ" ಎಂದಿತು. 😐

ಆದರೆ ತಳ್ಳುವುದನ್ನು ಅಷ್ಟು ಹಗುರವಾಗಿ ನೋಡಬೇಡಿ. 2015ರಲ್ಲಿ ತೈವಾನಿನಲ್ಲಿ ಊಬರ್ ಬಗ್ಗೆ ನಿಯಮ ಮಾಡುವಾಗ ವಿತೈವಾನ್ ಎಂಬ ವೇದಿಕೆಯವರು ಬಳಸಿದ್ದು ಇಂಥದ್ದೇ ಒಂದು ತಂತ್ರಾಂಶವನ್ನು. ಹೆಸರು ಪೋಲಿಸ್ (ಠಾಣೆಗೂ ಅದಕ್ಕೂ ಸಂಬಂಧವಿಲ್ಲ). ಒಪ್ಪುತ್ತೇನೆ, ಒಪ್ಪಲ್ಲ, ಮುಂದಕ್ಕೆ, ಮೂರೇ ಗುಂಡಿ. ಉತ್ತರ ಕೊಡುವ ಗುಂಡಿಯೇ ಇಲ್ಲ, ಹಾಗಾಗಿ ಜಗಳವೂ ಕಡಿಮೆ.

ನಿಧಾನಿ ಮೇಷ್ಟ್ರು:
ಅಲ್ಲೊಂದು ವ್ಯತ್ಯಾಸ ಇದೆಯಲ್ವಾ? ಪೋಲಿಸ್‌ನಲ್ಲಿ ಒಪ್ಪು, ಒಪ್ಪಲ್ಲ ಅನ್ನುವುದು ಜನ ತಾವೇ ಬರೆದ ವಾಕ್ಯಗಳಿಗೆ. ಬೇರೆ ಬೇರೆ ಗುಂಪಿನವರು ಯಾವ ಮಾತಿಗೆ ಒಟ್ಟಿಗೆ ತಲೆಯಾಡಿಸುತ್ತಾರೆ ಅನ್ನುವುದನ್ನು ಅದು ಎತ್ತಿ ತೋರಿಸುತ್ತದೆ. ನಿಮ್ಮಲ್ಲಿ ಯಂತ್ರ ಬರೆದ ಸಾರಾಂಶಕ್ಕೆ ಹುಡುಗರು ತಲೆಯಾಡಿಸಬೇಕು.

ಅಂಕುಶ:
ನನ್ನದೊಂದು ತಣ್ಣೀರು. 2017ರಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ನೆಟ್ ನ್ಯೂಟ್ರಾಲಿಟಿ (ಇಂಟರ್‌ನೆಟ್ ಕಂಪನಿಗಳು ಎಲ್ಲ ತಾಣಗಳನ್ನೂ ಭೇದವಿಲ್ಲದೆ ತಲುಪಿಸಬೇಕೆಂಬ ನಿಯಮ) ಬಗ್ಗೆ ಜನರ ಅಭಿಪ್ರಾಯ ಕೇಳಿತು. 2 ಕೋಟಿ 20 ಲಕ್ಷಕ್ಕೂ ಜಾಸ್ತಿ ಬಂದವು. ನ್ಯೂಯಾರ್ಕಿನ ಅಟಾರ್ನಿ ಜನರಲ್ ತನಿಖೆ ಮಾಡಿ 2021ರಲ್ಲಿ ವರದಿ ಕೊಟ್ಟಾಗ, ಅದರಲ್ಲಿ ಸುಮಾರು 1 ಕೋಟಿ 80 ಲಕ್ಷ ನಕಲಿ ಎಂದು ಗೊತ್ತಾಯಿತು. 85 ಲಕ್ಷದಷ್ಟರ ಹಿಂದೆ ಇದ್ದದ್ದು ಆ ನಿಯಮ ಬೇಡವಾಗಿದ್ದ ಬ್ರಾಡ್‌ಬ್ಯಾಂಡ್ ಕಂಪನಿಗಳ ದುಡ್ಡು. ಇನ್ನು 77 ಲಕ್ಷ? ಒಬ್ಬನೇ ಒಬ್ಬ 19 ವರ್ಷದ ಕಾಲೇಜು ಹುಡುಗ, ಕೃತಕ ಹೆಸರು ಹುಟ್ಟಿಸುವ ತಂತ್ರಾಂಶ ಹಿಡಿದುಕೊಂಡು, ನಿಯಮ ಇರಲಿ ಎಂದು ಕಂಪನಿಗಳ ವಿರುದ್ಧವಾಗಿ ಕಳಿಸಿದ್ದು. ಯುವಜನ, ತಂತ್ರಜ್ಞಾನ, ಕಾನೂನು ಮೂರೂ ಒಂದೇ ಕಡೆ ಸೇರಿದವು ನೋಡಿ.

ಸುಮ್ನೆ ಓದುವವ:
ಆ ಹುಡುಗನನ್ನು ನಿಮ್ಮ ತಂಡಕ್ಕೆ ಸೇರಿಸಿಕೊಳ್ಳಿ. 😂

ನಿಧಾನಿ ಮೇಷ್ಟ್ರು:
ಅಂಕುಶ ಅವರೇ, ಇನ್ನೊಂದು ಹುಡುಗಿಯ ಕಥೆಯೂ ಇದೆ. ತೈವಾನ್ ಸರ್ಕಾರದ ಜಾಯಿನ್ ಎಂಬ ತಾಣದಲ್ಲಿ ಒಂದು ಮನವಿಗೆ 60 ದಿನದಲ್ಲಿ 5,000 ಸಹಿ ಬಿದ್ದರೆ ಸಂಬಂಧಪಟ್ಟ ಇಲಾಖೆ ಉತ್ತರ ಕೊಡಲೇಬೇಕು. ಮತದಾನದ ವಯಸ್ಸು ಆಗಿರಬೇಕು ಎಂದೇನಿಲ್ಲ. 2017ರಲ್ಲಿ ಒಬ್ಬ ಹೈಸ್ಕೂಲು ಹುಡುಗಿ ಪ್ಲಾಸ್ಟಿಕ್ ತಟ್ಟೆ, ಸ್ಟ್ರಾಗಳನ್ನು ಹಂತಹಂತವಾಗಿ ನಿಲ್ಲಿಸಿ ಎಂದು ಅಲ್ಲಿ ಬರೆದಳು. ಸಹಿ ಬಿದ್ದವು, ಅಧಿಕಾರಿಗಳು ಕರೆದು ಮಾತಾಡಿದರು. 2019ರ ಜುಲೈನಿಂದ ಸರ್ಕಾರಿ ಕಚೇರಿ, ಶಾಲೆ, ಮಾಲ್, ಫಾಸ್ಟ್‌ಫುಡ್ ಸರಣಿಗಳಲ್ಲಿ ಕೂತು ತಿನ್ನುವವರಿಗೆ ಪ್ಲಾಸ್ಟಿಕ್ ಸ್ಟ್ರಾ ಕೊಡುವುದು ನಿಂತಿತು.

ನನಗೆ ಇದರಲ್ಲಿ ಇಷ್ಟವಾಗಿದ್ದು ತಾಣವಲ್ಲ. ಅವಳು ಅದನ್ನು ಬರೆದದ್ದು ಪೌರನೀತಿ ತರಗತಿಯ ಹೋಂವರ್ಕಿಗಾಗಿ! (ಮೇಷ್ಟ್ರಾಗಿ ಸ್ವಲ್ಪ ಬೀಗುತ್ತೇನೆ, ಬಿಡಿ.)

ಅಂಕುಶ:
ಒಪ್ಪಿದೆ. ಆದರೆ ಅಲ್ಲಿ "ಉತ್ತರ ಕೊಡಲೇಬೇಕು" ಎಂಬ ನಿಯಮ ಇತ್ತು. ಅದಿಲ್ಲದ ಕಡೆ ಏನಾಗುತ್ತದೆ? ಐಸ್‌ಲ್ಯಾಂಡ್ ನೋಡಿ. 2011ರಲ್ಲಿ 25 ಜನ ಕೂತು ಹೊಸ ಸಂವಿಧಾನ ಬರೆದರು. ಬರೆದದ್ದನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿ ಜನರ ಅಭಿಪ್ರಾಯ ತೆಗೆದುಕೊಂಡರು. 2012ರ ಜನಮತದಲ್ಲಿ ಮತ ಹಾಕಿದವರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೂಂ ಅಂದರು. ಸಂಸತ್ತು ಅದನ್ನು ಅಂಗೀಕರಿಸಲೇ ಇಲ್ಲ.

ಮಳೆಹನಿ19:
ನನಗೂ ಅದೇ ಸಿಟ್ಟು. ಆ "ಅಥವಾ" ಬಗ್ಗೆ ಎರಡು ಪುಟ ಬರೆದು ಕಳಿಸಿದ್ದೆ. "ನಿಮ್ಮ ಸಲಹೆಯನ್ನು ಸ್ವೀಕರಿಸಲಾಗಿದೆ" ಎಂದು ಒಂದು ಮೇಲ್ ಬಂತು. ಅದಕ್ಕೆ ಉತ್ತರಿಸಬೇಡಿ ಎಂದೂ ಇತ್ತು. ಕೊನೆಗೆ "ಅಥವಾ" ಹಾಗೇ ಪಾಸಾಯಿತು. ಆಗಲಿ ಬಿಡಿ, ಎಲ್ಲರೂ ನನ್ನ ಮಾತು ಕೇಳಬೇಕೆಂದೇನಿಲ್ಲ. ಬೇಡ ಅಂದವರು ಯಾಕೆ ಬೇಡ ಎಂದು ಒಂದು ಸಾಲು ಹೇಳಬಹುದಿತ್ತು. ಅದಾದಮೇಲೆ ನಾನು ಯಾವ ಕರಡನ್ನೂ ತೆಗೆದು ನೋಡಿಲ್ಲ.

ಹಳೇ ಗುಮಾಸ್ತ:
ಮಗಳೇ, ನಮ್ಮ ಕಚೇರಿಯಲ್ಲಾದರೆ ಆ ಸಾಲು ಇರುತ್ತಿತ್ತು. ಬಂದ ಪ್ರತಿ ಸಲಹೆಗೂ ಒಂದು ತಃಖ್ತೆ ಮಾಡುತ್ತಿದ್ದೆವು. ಕಳಿಸಿದವರು ಯಾರು, ಯಾವ ಕಲಂ, ಏನು ಸಲಹೆ, ಒಪ್ಪಬಹುದೇ, ಇಲ್ಲವಾದರೆ ಕಾರಣ. ನಾನೇ ಕೂತು ಟೈಪ್ ಮಾಡಿದ್ದೇನೆ. ಅದು ಕಡತದ ಒಳಗೇ ಉಳಿಯುತ್ತಿತ್ತು. ಹೊರಗೆ ಕಳಿಸಿ ಎಂದು ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಕೋಡ್‌ಕುಟ್ಟಿಗ:
ಸರ್, ಅಂದರೆ ಕಾರಣ ಆಗಲೇ ಬರೆದಿಟ್ಟಿರುತ್ತಾರೆ, ಹೊರಗೆ ಬರುವ ದಾರಿ ಮಾತ್ರ ಇಲ್ಲ! ಸರಿ, ತಳ್ಳಾಟ ಬಿಟ್ಟೆವು. ಮೊದಲು ಹಳೆಯ ಸಾಲು, ಹೊಸ ಸಾಲು ಪಕ್ಕಪಕ್ಕ, ಬದಲಾದ ಪದ ಮಾತ್ರ ಕೆಂಪಿನಲ್ಲಿ. ಇದನ್ನು ನಾವು ಕೋಡಿಗೆ ದಿನಾ ಮಾಡುತ್ತೇವೆ, ಮಸೂದೆಗೆ ಯಾಕೆ ಮಾಡಲಿಲ್ಲವೋ. ಆಮೇಲೆ ಪ್ರತಿ ಕಲಂ ಕೆಳಗೆ ಆ ತಃಖ್ತೆಗೊಂದು ಜಾಗ. ಸಮಿತಿ ಕೊಡದಿದ್ದರೆ "ಉತ್ತರ ಬಂದಿಲ್ಲ" ಎಂದು ಎಷ್ಟು ದಿನವಾಯಿತು ಅನ್ನುವುದನ್ನು ಎಣಿಸುತ್ತಾ ಇರುತ್ತದೆ.

ಮಳೆಹನಿ, ಆ "ಅಥವಾ" ಪಿಡಿಎಫ್ ಇನ್ನೂ ಇದೆಯಾ? ಅದರಿಂದಲೇ ಶುರು ಮಾಡೋಣ.

ಮಳೆಹನಿ19:
ಇದೆ, ಕಳಿಸುತ್ತೇನೆ. ಮೂರನೇ ಪುಟ ತಲೆಕೆಳಗಾಗಿ ಸ್ಕ್ಯಾನ್ ಆಗಿದೆ, ಫೋನ್ ತಿರುಗಿಸಿ ಓದಿ.